ಪ್ಯಾಲಿಯೋದ ಪೆಟ್ರೋಲ್ ಎಲ್ಲಿಗೆ ಹೋಗುತ್ತಿದೆ?

ಕಾರು ಕೊಂಡವರನ್ನು ನಮ್ಮವರು ಕೇಳುವ ಮೊದಲ ಪ್ರಶ್ನೆ ಬಣ್ಣದ್ದಲ್ಲ, ಬೆಲೆಯದ್ದೂ ಅಲ್ಲ. "ಎಷ್ಟು ಕೊಡುತ್ತೆ?" ಅನ್ನುವುದು. ಈ ಪ್ರಶ್ನೆ ಬಂದ ಕೂಡಲೇ ಮಾತು ಬದಲಿಸುವ ಒಂದು ಸಣ್ಣ ಪಂಗಡ ಪುಣೆ, ಮುಂಬೈಗಳಲ್ಲಿ ಇನ್ನೂ ಉಳಿದಿದೆ. ಅವರು ಫಿಯಟ್ ಪ್ಯಾಲಿಯೋ 1.6 ಇಟ್ಟುಕೊಂಡವರು.

ಪ್ಯಾಲಿಯೋ ನಮ್ಮ ದೇಶಕ್ಕೆ ಬಂದದ್ದು 2001ರಲ್ಲಿ. ತಯಾರಾಗುತ್ತಿದ್ದದ್ದು ಮುಂಬೈಯ ಕುರ್ಲಾದಲ್ಲಿ, ಹಿಂದೆ ಪ್ರೀಮಿಯರ್ ಪದ್ಮಿನಿ ಹೊರಬರುತ್ತಿದ್ದ ಅದೇ ಕಾರ್ಖಾನೆಯಲ್ಲಿ. ಅದರ 1.6 ಲೀಟರಿನ ಮಾದರಿಗೆ ಸುಮಾರು 100 ಅಶ್ವಶಕ್ತಿ. ಅದೇ ಅಳತೆಯ ಉಳಿದ ಕಾರುಗಳು ಅರವತ್ತರ ಆಸುಪಾಸಿನಲ್ಲಿದ್ದ ಕಾಲ ಅದು. ಸಚಿನ್ ತೆಂಡೂಲ್ಕರ್ ಹೆಸರಲ್ಲಿ ಎಸ್10 ಎಂಬ ವಿಶೇಷ ಆವೃತ್ತಿಯೂ ಬಂತು. ಕಟ್ಟುನಿಟ್ಟಾಗಿ ಹೇಳಿದರೆ ಇದು ಸ್ಪೋರ್ಟ್ಸ್ ಕಾರಲ್ಲ. ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ಬೇಕೆನ್ನುವವರಿಗೆ ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್ ಇತ್ತು. ಆದರೆ ಹೆಂಡತಿ, ಮಕ್ಕಳು, ಊರಿಂದ ಬಂದ ಅತ್ತೆ ಎಲ್ಲರನ್ನೂ ಕೂರಿಸಿಕೊಂಡು ಖಂಬಾಟ್ಕಿ ಘಾಟನ್ನು ಮೂರನೇ ಗೇರಿನಲ್ಲಿ ನಗುತ್ತ ಹತ್ತಬೇಕೆಂಬ ಸಂಬಳದಾರನಿಗೆ ಸಿಕ್ಕ ಸ್ಪೋರ್ಟ್ಸ್ ಕಾರು ಇದೇ.

ಕುಡಿಯುವುದು ಅದರ ಹುಟ್ಟುಗುಣ. ಹೊಸದಿದ್ದಾಗಲೇ ಊರೊಳಗೆ ಎಂಟೊಂಬತ್ತು, ಹೆದ್ದಾರಿಯಲ್ಲಿ ಹನ್ನೆರಡು ಹದಿಮೂರು ಬಂದರೆ ಮಾಲೀಕರು ಖುಷಿಪಡುತ್ತಿದ್ದರು. ಹಾಗಾಗಿ ಇಂದು ಊರೊಳಗೆ ಎಂಟೂವರೆ ಕೊಡುವ ಕಾರನ್ನು ಗ್ಯಾರೇಜಿಗೆ ಒಯ್ಯುವುದು ವ್ಯರ್ಥ. ಆದರೆ ಆರು ಕೊಡುವ ಕಾರಿಗೆ ಖಂಡಿತ ಏನೋ ಆಗಿದೆ.

ಈಚೆಗೆ ಇದಕ್ಕೆಲ್ಲ ಒಂದೇ ಉತ್ತರ ಸಿದ್ಧವಾಗಿದೆ: "ಇ20 ಬಂತಲ್ಲ ಸಾರ್, ಎಲ್ಲ ಅದರದ್ದೇ ಕಿತಾಪತಿ." ಲೆಕ್ಕ ಹಾಕಿ ನೋಡೋಣ. ಒಂದು ಲೀಟರ್ ಎಥನಾಲಿನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಶೇಕಡಾ 20 ಬೆರೆಸಿದರೆ ಒಟ್ಟು ಕೊರತೆ ಶೇಕಡಾ ಆರೂವರೆ, ಏಳು. ನೀತಿ ಆಯೋಗದ 2021ರ ವರದಿಯೂ ಹಳೆಯ ಕಾರುಗಳಿಗೆ ಶೇಕಡಾ 6ರಿಂದ 7 ಎಂದೇ ಹೇಳುತ್ತದೆ. ಅಂದರೆ ಶುದ್ಧ ಪೆಟ್ರೋಲಿನಲ್ಲಿ ಒಂಬತ್ತು ಕೊಡುತ್ತಿದ್ದ ಕಾರು ಎಂಟೂವರೆಯ ಹತ್ತಿರಕ್ಕೆ ಇಳಿಯಬಹುದು, ಆರಕ್ಕೆ ಇಳಿಯಲಾರದು. ಉಳಿದ ಎರಡೂವರೆ ಕಿಲೋಮೀಟರ್ ಕದಿಯುತ್ತಿರುವ ಕಳ್ಳ ಕಾರಿನೊಳಗೇ ಇದ್ದಾನೆ. ಇ20ಯನ್ನು ಬೈಯುತ್ತ ಕೂತರೆ ಅವನು ಆರಾಮಾಗಿ ಉಳಿದುಬಿಡುತ್ತಾನೆ.

ಪಿಂಪ್ರಿ ಚಿಂಚವಾಡದ ಕಡೆ ಇಂಜಿನ್ ಪರೀಕ್ಷೆಯ ಕೆಲಸದಲ್ಲಿ ಬಹಳ ವರ್ಷ ಕಳೆದವನು ನಾನು. ಅದಕ್ಕೇ ಧಾರವಾಡ ಕಡೆಯ ಸ್ನೇಹಿತರೊಬ್ಬರು ತಮ್ಮ ಪ್ಯಾಲಿಯೋ ಜೊತೆ ನಿಗಡಿಯಿಂದ ನಮ್ಮನೆಗೆ ಬಂದರು. "ಇದು ಪೆಟ್ರೋಲ್ ಕುಡಿಯಂಗಿಲ್ರೀ, ಜಳಕಾನ ಮಾಡ್ತದ" ಅಂದರು. ಅಷ್ಟರಲ್ಲಿ ಗ್ಯಾರೇಜೊಂದರಲ್ಲಿ ಇಂಜೆಕ್ಟರ್ ಕ್ಲೀನಿಂಗ್, ಹೊಸ ಪ್ಲಗ್, ಹೊಸ ಏರ್ ಫಿಲ್ಟರ್ ಎಲ್ಲ ಆಗಿತ್ತು. ಮುಂದಿನ ಸಲಹೆ ಇಸಿಯು ಬದಲಾಯಿಸುವುದು. ಅದಕ್ಕೆ ಕೇಳಿದ ದುಡ್ಡು ಕಾರಿನ ಬೆಲೆಯ ಹತ್ತಿರ ಹತ್ತಿರ ಇತ್ತು. ಹದಿನೈದು ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ಮರುನೋಂದಣಿ, ಮಹಾರಾಷ್ಟ್ರದಲ್ಲಿ ಅದರ ಮೇಲೆ ಪರಿಸರ ತೆರಿಗೆ ಬೇರೆ. ಗುಜರಿಯವನಿಗೆ ಫೋನ್ ಮಾಡಿಯೂ ಆಗಿತ್ತು. (ದೆಹಲಿಯ ಓದುಗರಿಗೆ ಈ ಚಿಂತೆಯ ಸ್ವರೂಪವೇ ಬೇರೆ. ಅಲ್ಲಿ ಇಷ್ಟು ಹಳೆಯ ಪೆಟ್ರೋಲ್ ಕಾರು ರಸ್ತೆಗಿಳಿಯುವುದಕ್ಕೇ ತಕರಾರು.)

ಆರು ಎಂಬ ಅಂಕಿ ಎಲ್ಲಿಂದ ಬಂತು ಎಂದು ಮೊದಲು ಕೇಳಿದೆ. "ಎರಡು ಸಾವಿರದ್ದು ಹಾಕಸ್ತೀನ್ರೀ, ಕಾಟಾ ಕೆಳಗ ಬರೋತನಕ ಓಡಸ್ತೀನಿ" ಎಂದರು. ನಮ್ಮಲ್ಲಿ ಮುಕ್ಕಾಲು ಪಾಲು ಜನ ಅಳೆಯುವುದು ಹೀಗೇ. ಪೆಟ್ರೋಲ್ ಕಾಟಾ ಮದುವೆ ಮನೆಯ ಅಂದಾಜಿದ್ದ ಹಾಗೆ, ಅದನ್ನು ನಂಬಿ ಲೆಕ್ಕ ಬರೆಯಲಾಗದು. ಸರಿಯಾದ ಕ್ರಮ ಸುಲಭ: ಒಂದೇ ಬಂಕ್, ಸಾಧ್ಯವಾದರೆ ಒಂದೇ ಮೆಷಿನ್. ನಾಜಲ್ ತಾನಾಗಿ ಕಟ್ ಆದ ಮೊದಲ ಸಲವೇ ನಿಲ್ಲಿಸಬೇಕು, ಮೇಲೆ ರೌಂಡ್ ಫಿಗರ್ ಮಾಡಿಸಬಾರದು. ಟ್ರಿಪ್ ಮೀಟರ್ ಸೊನ್ನೆ ಮಾಡಿ ಓಡಿಸಿ, ಮತ್ತೆ ಅಲ್ಲೇ ಹಾಗೇ ತುಂಬಿಸಿ, ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿಸಿದ ಲೀಟರಿನಿಂದ ಭಾಗಿಸಬೇಕು. ಮೂರು ಸಲ ಮಾಡಿ ಸರಾಸರಿ ತೆಗೆಯಬೇಕು. ಊರಿಗೆ ಹೋಗುವಾಗ ನಿಪ್ಪಾಣಿ ದಾಟಿ ಅಗ್ಗ ಸಿಕ್ಕಿತೆಂದು ಅಲ್ಲಿ ತುಂಬಿಸಿ, ಪುಣೆಯ ಲೆಕ್ಕದ ಜೊತೆ ಸೇರಿಸಿದರೆ ಕೆಟ್ಟಿತು. ಮೂರು ವಾರದ ನಂತರ ಬಂದ ಉತ್ತರ 7.1.

ಅದೂ ಪೂರ್ತಿ ನಿಜವಲ್ಲ. ಕಾರಿನಲ್ಲಿ ಚೆಂದ ಕಾಣಲೆಂದು ದೊಡ್ಡ ಅಲಾಯ್ ವೀಲ್ ಹಾಕಿಸಿದ್ದರು. ಉದಾಹರಣೆಗೆ 175/65 ಆರ್14 ಟೈರಿನ ಹೊರವ್ಯಾಸ ಸುಮಾರು 583 ಮಿಲಿಮೀಟರ್. ಅದರ ಜಾಗದಲ್ಲಿ 195/60 ಆರ್15 ಬಂದರೆ 615. ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಓಡೋಮೀಟರಿಗೆ ಅದು ತಿಳಿಯದು. ಅದು 100 ಕಿಲೋಮೀಟರ್ ಎಂದು ತೋರಿಸುವಾಗ ಕಾರು 105 ದಾಟಿರುತ್ತದೆ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಜೊತೆಗೋ ಫೋನಿನ ಜಿಪಿಎಸ್ ಜೊತೆಗೋ ಇದನ್ನು ತಾಳೆ ನೋಡಬಹುದು. 7.1 ಹೀಗೆ ಏಳೂವರೆ ಆಯಿತು. ಒಂದು ನಟ್ಟೂ ಬಿಚ್ಚದೆ ಆರರಿಂದ ಏಳೂವರೆಗೆ ಬಂದೆವು.

ಇನ್ನು ಕಾರಿನ ಕಡೆ. ನಾನು ಬಾನೆಟ್ ತೆಗೆಯುವ ಮುಂಚೆ ಚಕ್ರ ಮುಟ್ಟುತ್ತೇನೆ. ಹತ್ತು ಕಿಲೋಮೀಟರ್ ಓಡಿಸಿ, ಕೊನೆಯಲ್ಲಿ ಬ್ರೇಕ್ ಹೆಚ್ಚು ಒತ್ತದೆ ನಿಧಾನಕ್ಕೆ ನಿಲ್ಲಿಸಿ, ನಾಲ್ಕೂ ರಿಮ್ಮಿನ ಹತ್ತಿರ ಎಚ್ಚರಿಕೆಯಿಂದ ಕೈ ಹಿಡಿಯಬೇಕು. ಎಡಕ್ಕೂ ಬಲಕ್ಕೂ ಬಿಸಿ ಒಂದೇ ಥರ ಇರಬೇಕು. ಇದರಲ್ಲಿ ಮುಂದಿನ ಎಡಗಡೆಯದು ದೋಸೆ ಕಾವಲಿ ಹಾಗಿತ್ತು. ಕ್ಯಾಲಿಪರ್ ಜಾರುವ ಪಿನ್ ಗ್ರೀಸ್ ಒಣಗಿ ಹಿಡಿದುಕೊಂಡಿತ್ತು. ಅಂದರೆ ಈ ಕಾರು ಒಂದು ಕಾಲನ್ನು ಸದಾ ಎಳೆದುಕೊಂಡು ನಡೆಯುತ್ತಿತ್ತು. ಪಿನ್ ಬಿಚ್ಚಿ, ತಿಕ್ಕಿ, ಸರಿಯಾದ ಗ್ರೀಸ್ ಹಾಕಿದ ಮೇಲೆ ಜಾಕಿನ ಮೇಲೆ ಚಕ್ರ ಕೈಯಲ್ಲೇ ತಿರುಗಿತು. ಟೈರಿನ ಗಾಳಿಯನ್ನು ಅದೇ ದಿನ ಸರಿಮಾಡಿದೆವು, ಅದರಲ್ಲಿ ಹೇಳುವಂಥದ್ದೇನಿಲ್ಲ.

ದೊಡ್ಡ ಕಳ್ಳ ಸಿಕ್ಕಿದ್ದು ಆಮೇಲೆ.

ಬೆಳಗ್ಗೆ ತಣ್ಣಗಿದ್ದ ಇಂಜಿನ್ ಚಾಲೂ ಮಾಡಿ ರೇಡಿಯೇಟರಿಗೆ ಹೋಗುವ ಮೇಲಿನ ರಬ್ಬರ್ ಹೋಸ್ ಮುಟ್ಟುತ್ತ ನಿಂತೆವು. ಕಾರು ಸರಿಯಿದ್ದರೆ ಆ ಹೋಸ್ ಕೆಲವು ನಿಮಿಷ ತಣ್ಣಗೇ ಇದ್ದು, ಆಮೇಲೆ ಇದ್ದಕ್ಕಿದ್ದಂತೆ ಬಿಸಿಯಾಗಬೇಕು. ಅಷ್ಟು ಹೊತ್ತು ಥರ್ಮೋಸ್ಟಾಟ್ ಎಂಬ ಕವಾಟ ನೀರನ್ನು ಇಂಜಿನ್ ಒಳಗೇ ಸುತ್ತಿಸಿ ಬೇಗ ಕಾಯುವಂತೆ ಮಾಡುತ್ತದೆ. ಇಲ್ಲಿ ಒಂದೇ ನಿಮಿಷಕ್ಕೆ ಹೋಸ್ ಉಗುರುಬೆಚ್ಚಗಾಯಿತು, ಹಾಗೇ ಎಳೆಎಳೆಯಾಗಿ ಏರುತ್ತ ಹೋಯಿತು. ಹೆದ್ದಾರಿಯಲ್ಲಿ ಎಂಬತ್ತರಲ್ಲಿ ಓಡಿಸಿದರೆ ಟೆಂಪರೇಚರ್ ಮುಳ್ಳು ಕೆಳಗೆ ಇಳಿಯುತ್ತಿತ್ತು, ಸಿಗ್ನಲಿನಲ್ಲಿ ನಿಂತರೆ ಮೇಲೇರುತ್ತಿತ್ತು. ಬಿಚ್ಚಿ ನೋಡಿದರೆ ಒಳಗೆ ಥರ್ಮೋಸ್ಟಾಟೇ ಇಲ್ಲ! ಹಳೆಯ ಮೆಕ್ಯಾನಿಕನಿಗೆ ಫೋನ್ ಮಾಡಿದಾಗ ಉತ್ತರ ತಕ್ಷಣ ಬಂತು: "ನಿಕಾಲ್ ದಿಯಾ ಸಾಬ್. ಅಪ್ನೇ ಯಹಾಂ ಗರ್ಮಿ ಮೇ ಇಸ್‌ಕೀ ಜರೂರತ್ ನಹೀ."

ಆತನನ್ನು ಬೈಯುವ ಮನಸ್ಸಾಗಲಿಲ್ಲ. ಪದ್ಮಿನಿ, ಅಂಬಾಸಿಡರ್ ಕಾಲದಲ್ಲಿ ಘಾಟಿನ ತುಂಬ ಬಾನೆಟ್ ಎತ್ತಿಕೊಂಡು ಹಬೆ ಬಿಡುತ್ತ ನಿಂತ ಕಾರುಗಳನ್ನು ಕಂಡವರು ಕಟ್ಟಿಕೊಂಡ ಬುದ್ಧಿ ಅದು. ಆಗ ಕಾರ್ಬ್ಯುರೇಟರ್ ಇತ್ತು. ಬೆಳಗ್ಗೆ ಚೋಕ್ ಎಳೆದು, ಇಂಜಿನ್ ಹಿಡಿದುಕೊಂಡ ಮೇಲೆ ನಾವೇ ಒಳಗೆ ತಳ್ಳುತ್ತಿದ್ದೆವು. ಚೋಕ್ ಒಳಗೆ ಹೋದ ಮೇಲೆ ಹೆಚ್ಚುವರಿ ಪೆಟ್ರೋಲಿನ ಕಥೆ ಬಹುಪಾಲು ಮುಗಿಯಿತು. ಇಂಜೆಕ್ಷನ್ ಕಾರಿನಲ್ಲಿ ಆ ಚೋಕ್ ಇಸಿಯು ಕೈಯಲ್ಲಿದೆ. ಅದು ನಂಬುವುದು ಕೂಲಂಟಿನ ಶಾಖ ಹೇಳುವ ಸೆನ್ಸರನ್ನು. ನೀರು 90 ಡಿಗ್ರಿಯ ಹತ್ತಿರ ಬರುವ ಬದಲು ಅರವತ್ತರಲ್ಲೇ ತೂಗಾಡುತ್ತಿದ್ದರೆ, ಇಂಜಿನ್ ಇನ್ನೂ ಎದ್ದಿಲ್ಲ ಎಂದುಕೊಂಡು ಅದು ಹೆಚ್ಚು ಪೆಟ್ರೋಲ್ ಕಳಿಸುತ್ತಲೇ ಇರುತ್ತದೆ. ಇಡೀ ದಿನ ಚೋಕ್ ಎಳೆದೇ ಓಡಿಸಿದ ಹಾಗೆ. ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆ ಹಿಡಿದು ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ ಬಂತು. ಇದು ಮೈಲೇಜಿನ ಪ್ರಶ್ನೆ ಮಾತ್ರವಲ್ಲ, ತೆಳುವಾದ ಆಯಿಲ್ ಇಂಜಿನ್ನನ್ನೇ ಸವೆಸುತ್ತದೆ. ಹೊಸ ಥರ್ಮೋಸ್ಟಾಟ್, ಕೂಲಂಟ್, ಆಯಿಲ್ ಮೂರೂ ಸೇರಿ ಇಸಿಯುಗೆ ಕೇಳಿದ ದುಡ್ಡಿನ ಒಂದು ಮೂಲೆಯೂ ಆಗಲಿಲ್ಲ.

ಮುಳ್ಳು ಸರಿಯಾಗಿ ನಿಲ್ಲುತ್ತಿದ್ದರೂ ಇದೇ ರೋಗ ಬರಬಹುದು. ಬಹಳ ಕಾರುಗಳಲ್ಲಿ ಮೀಟರಿಗೆ ಒಂದು ಸೆನ್ಸರ್, ಇಸಿಯುಗೆ ಇನ್ನೊಂದು. ಎರಡನೆಯದು ಸುಳ್ಳು ಹೇಳುತ್ತಿದ್ದರೆ ನಮಗೆ ಕಾಣುವುದಿಲ್ಲ. ಅದನ್ನು ಹಿಡಿಯಲು ಒಂದು ಸಾದಾ ಮಲ್ಟಿಮೀಟರ್ ಸಾಕು. ಇಂಥ ಸೆನ್ಸರುಗಳು ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಎರಡೂವರೆ ಸಾವಿರ ಓಮ್, 80 ಡಿಗ್ರಿಯಲ್ಲಿ ಮುನ್ನೂರು ಚಿಲ್ಲರೆ ಓಮ್ ತೋರಿಸುತ್ತವೆ. ಬಿಸಿಯಾದ ಇಂಜಿನಿನಲ್ಲಿ ಸಾವಿರದ ಮೇಲೆ ಕಂಡರೆ ಅದನ್ನು ಬದಲಾಯಿಸಿ.

ಆಕ್ಸಿಜನ್ ಸೆನ್ಸರನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ, ಯಾಕೆಂದರೆ ಅದು ಅನೇಕ ಸಲ ಅಪರಾಧಿಯಲ್ಲ, ಬೇರೆಯವರ ತಪ್ಪಿಗೆ ಮಸಿ ಬಳಿಸಿಕೊಂಡ ಪಾಪದವನು. ಬಿಸಿಯಾದ ಇಂಜಿನಿನಲ್ಲಿ ಅದರ ವೋಲ್ಟೇಜ್ 0.1ರಿಂದ 0.9ರ ನಡುವೆ ಚುರುಕಾಗಿ ಏರಿಳಿಯಬೇಕು. ಒಂದೇ ಕಡೆ ಮೇಲೆ ನಿಂತಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಸೆನ್ಸರ್ ಸತ್ತಿದೆ. ಇದನ್ನು ನೋಡಲು ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸಾಧನ ತರಿಸಿಕೊಂಡು ಅನೇಕರು ನಿರಾಶರಾಗುತ್ತಾರೆ. ನಮ್ಮ ದೇಶದಲ್ಲಿ ಓಬಿಡಿ ಕಡ್ಡಾಯವಾದದ್ದು ಭಾರತ್ ಸ್ಟೇಜ್ 4ರ ಜೊತೆ, 2010ರ ನಂತರ. ಅದಕ್ಕೂ ಹಳೆಯ ಕಾರುಗಳ ಭಾಷೆ ಅವಕ್ಕೆ ತಿಳಿಯುವ ಖಾತ್ರಿಯಿಲ್ಲ. ಫಿಯಟ್ ಕಾರುಗಳಿಗೆಂದೇ ಇರುವ ಲ್ಯಾಪ್‌ಟಾಪ್ ಸಾಫ್ಟ್‌ವೇರ್ ಮತ್ತು ಕೇಬಲ್ ಇಟ್ಟುಕೊಂಡವರನ್ನು ಹುಡುಕುವುದು ಮೇಲು. ಸಿಕ್ಕರೆ ಫ್ಯೂಯಲ್ ಟ್ರಿಮ್ ಕೇಳಿ. ಎಥನಾಲಿಗೆ ಗಾಳಿ ಕಡಿಮೆ ಸಾಕು, ಹಾಗಾಗಿ ಇ20 ಹಾಕಿದ ಹಳೆಯ ಕಾರಿನಲ್ಲಿ ಇಸಿಯು ತಾನೇ ಪೆಟ್ರೋಲ್ ಹೆಚ್ಚಿಸಿಕೊಂಡು ಟ್ರಿಮ್ ಒಂದಿಷ್ಟು ಪ್ಲಸ್ ಕಡೆ ಇರುವುದು ಸಹಜ. ಮೈನಸ್ ಕಡೆಗೆ ಜೋರಾಗಿ ಹೋಗಿದ್ದರೆ ಮಾತ್ರ ಬೇಡದ ಪೆಟ್ರೋಲ್ ಎಲ್ಲಿಂದಲೋ ಒಳಬರುತ್ತಿದೆ: ಸೋರುವ ಇಂಜೆಕ್ಟರ್, ಕೆಟ್ಟ ಪ್ರೆಷರ್ ರೆಗ್ಯುಲೇಟರ್.

ಏರ್ ಫಿಲ್ಟರ್ ಬಗ್ಗೆ ಒಂದು ಮಾತು. ಧೂಳು ತುಂಬಿದ ಫಿಲ್ಟರ್ ಮೈಲೇಜ್ ತಿನ್ನುತ್ತದೆ ಎನ್ನುವುದು ಕಾರ್ಬ್ಯುರೇಟರ್ ಕಾಲದ ಸತ್ಯ. ಅಮೆರಿಕದ ಓಕ್ ರಿಜ್ ಪ್ರಯೋಗಾಲಯ 2009ರಲ್ಲಿ ಪರೀಕ್ಷಿಸಿದಾಗ ಇಂಜೆಕ್ಷನ್ ಕಾರುಗಳಲ್ಲಿ ಪಿಕಪ್ ಕುಸಿಯಿತು, ಮೈಲೇಜಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಸುರಿಯುವ ಬಾಟಲಿಗಳ ಬಗ್ಗೆ ಬರೆಯಲು ಇಲ್ಲಿ ಜಾಗ ದಂಡ.

ಹಿಂಜವಡಿ ಟ್ರಾಫಿಕ್ಕಿನ ಪಾಲನ್ನೂ ಅದಕ್ಕೇ ಬರೆಯಬೇಕು. ಇಂಥ ಇಂಜಿನ್ ನಿಂತಲ್ಲೇ ತಿರುಗಿದರೆ ಗಂಟೆಗೆ ಮುಕ್ಕಾಲು ಲೀಟರ್ ಆಸುಪಾಸು ಸುಡುತ್ತದೆ, ಏಸಿ ಹಾಕಿದರೆ ಇನ್ನೂ ಹೆಚ್ಚು. ಹನ್ನೆರಡು ಕಿಲೋಮೀಟರಿನ ಆಫೀಸ್ ದಾರಿಗೆ ಒಂದು ಲೀಟರ್ ಬೇಕೆಂದುಕೊಳ್ಳಿ. ನಡುವೆ ಇಪ್ಪತ್ತೈದು ನಿಮಿಷ ನಿಂತಲ್ಲೇ ನಿಂತರೆ ಇನ್ನೊಂದು 0.3 ಲೀಟರ್ ಸೇರಿ ಹನ್ನೆರಡು ಇದ್ದದ್ದು ಒಂಬತ್ತಾಗುತ್ತದೆ. ಇದನ್ನು ಯಾವ ಮೆಕ್ಯಾನಿಕನೂ ರಿಪೇರಿ ಮಾಡಲಾರ.

ಸ್ನೇಹಿತರ ಕಾರು ಮುಂದಿನ ಮೂರು ಟ್ಯಾಂಕಿನಲ್ಲಿ ಊರೊಳಗೆ ಸರಾಸರಿ 9.2 ಕೊಟ್ಟಿತು. ದೀಪಾವಳಿಗೆ ಧಾರವಾಡಕ್ಕೆ ಹೋಗಿಬಂದಾಗ 12.6. ಎರಡೂ ಇ20ಯಲ್ಲೇ. ಗುಜರಿಯವನ ನಂಬರ್ ಫೋನಿನಿಂದ ಅಳಿಸಿದ್ದಾರಂತೆ. ಬಾಕಿ ಉಳಿದಿರುವುದು ಪೆಟ್ರೋಲ್ ಹೋಸುಗಳು. ಎಥನಾಲಿಗೆಂದು ಮಾಡದ ಹಳೆಯ ರಬ್ಬರ್ ಉಬ್ಬಿ ಬಿರುಕು ಬಿಡಬಹುದು, ಬಿಸಿ ಇಂಜಿನಿನ ಪಕ್ಕದಲ್ಲಿ ಅದು ಹುಡುಗಾಟದ ವಿಷಯವಲ್ಲ. ಕಾರು ನಿಲ್ಲಿಸಿದಾಗ ಪೆಟ್ರೋಲ್ ವಾಸನೆ ಬಂದರೆ ಮೈಲೇಜ್ ಲೆಕ್ಕ ಅಲ್ಲಿಗೇ ಬಿಟ್ಟು ಮೊದಲು ಅದನ್ನು ನೋಡಿಸಿ. ಎಥನಾಲ್ ತಡೆಯುವ ಹೋಸ್ ಬೇಕೆಂದು ಅಂಗಡಿಯಲ್ಲಿ ಬಿಡಿಸಿ ಹೇಳಿ ಕೊಳ್ಳಿ. ಅಲಾಯ್ ವೀಲ್ ಮಾತ್ರ ತೆಗೆಯುವುದಿಲ್ಲ ಎಂದು ಅವರು ಹಟ ಹಿಡಿದಿದ್ದಾರೆ. ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ "ಗುಣಿಸು 1.05" ಎಂದು ಬರೆದ ಚೀಟಿ ಅಂಟಿಸಿಕೊಂಡಿದ್ದಾರೆ.