ಮಧುಮೇಹದೊಡನೆ ಕರುಳಿನ ಕೆರಳಿಕೆ: ಆಹಾರದ ಎಚ್ಚರ

ಉತ್ತರ ಚೆನ್ನೈನ ಮಾಧವರಂ ತನ್ನ ಹಾಲಿನ ಕಾಲೋನಿಯಿಂದ ಹೆಸರಾದ ಸ್ಥಳ. ಆದರೆ ಮಧುಮೇಹದ ಜತೆಗೆ, ವೈದ್ಯರು ಐ.ಬಿ.ಎಸ್. ಎನ್ನುವ ಕರುಳಿನ ಕೆರಳಿಕೆಯೂ ಇರುವವರು ಹಾಲನ್ನು ಯೋಚಿಸಿಯೇ ಕುಡಿಯಬೇಕು. ಹಾಲಿನ ಊರಿನವರಿಗೆ ಇದು ಕಹಿ ಮಾತೇ ಸರಿ. ಹಾಲಿನಲ್ಲಿರುವ ಲ್ಯಾಕ್ಟೋಸ್ ಜೀರ್ಣವಾಗದಿದ್ದರೆ ಹೊಟ್ಟೆಯುಬ್ಬರ, ಭೇದಿ ಉಂಟಾಗುತ್ತವೆ. ಅಂಥ ಅನೇಕರಿಗೆ ಮೊಸರು ಒಗ್ಗುತ್ತದೆ.

ನಿಜವಾದ ತೊಡಕು ಎರಡು ಪಥ್ಯಗಳ ಪರಸ್ಪರ ವಿರೋಧದಲ್ಲಿದೆ. ಮಧುಮೇಹಿಗಳಿಗೆ ಹಿತವಾದ ಇಡೀ ಕಾಳುಗಳು ಕೆರಳಿದ ಕರುಳಿಗೆ ವಾಯುಕಾರಕ. ಕರುಳಿಗೆ ಹಿತವಾದ ಅನ್ನದ ಗಂಜಿ ರಕ್ತದಲ್ಲಿನ ಸಕ್ಕರೆಯನ್ನು ಬೇಗನೆ ಏರಿಸುತ್ತದೆ. ಆದುದರಿಂದ ಅನ್ನವನ್ನು ಅಳತೆಯಲ್ಲಿಟ್ಟು, ಪಡವಲ, ಹೀರೆಯಂಥ ತರಕಾರಿಯನ್ನೂ ಸ್ವಲ್ಪ ಹೆಸರುಬೇಳೆಯನ್ನೂ ಸೇರಿಸಿಕೊಳ್ಳುವುದು ಲೇಸು. ಈರುಳ್ಳಿ, ಬೆಳ್ಳುಳ್ಳಿ ಕೆಲವರಿಗೆ ಆಗದು. ಸಕ್ಕರೆರಹಿತವೆಂದು ಮಾರುವ ಮಿಠಾಯಿಗಳಲ್ಲಿ ಸಾರ್ಬಿಟಾಲ್ ಇದ್ದರೆ ಅದೂ ಭೇದಿ ತರಬಲ್ಲದು.

ಮೆಟ್‌ಫಾರ್ಮಿನ್ ಮಾತ್ರೆಯಿಂದಲೂ ಭೇದಿಯಾಗುವುದುಂಟು. ಅದನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಭೇದಿಗೆ ಹೆದರಿ ಊಟ ಬಿಡುವುದಂತೂ ಹೆಚ್ಚು ಅಪಾಯಕರ: ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿ ರಕ್ತದ ಸಕ್ಕರೆ ತೀರ ಇಳಿದು ಪ್ರಜ್ಞೆ ತಪ್ಪಬಹುದು. ನಡುಕ, ಬೆವರು ಕಂಡೊಡನೆ ಮೂರು ಚಹಾ ಚಮಚದಷ್ಟು ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಯತಕ್ಕದ್ದು. ಮಲದಲ್ಲಿ ರಕ್ತ, ಕಾರಣವಿಲ್ಲದ ತೂಕನಷ್ಟ ಇವು ಐ.ಬಿ.ಎಸ್.ನ ಲಕ್ಷಣಗಳಲ್ಲ, ಇವು ಕಂಡರೆ ತಡಮಾಡದೆ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು.