ಖನಿಜ ಮತ್ತು ಇಂಧನ ಅರ್ಥಶಾಸ್ತ್ರ: ಸ್ನಾತಕೋತ್ತರ ವ್ಯಾಸಂಗದ ಬಗ್ಗೆ ಪದವೀಧರರಿಗೆ ಮಾಹಿತಿ

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿರುವ ಪುಣಜನೂರು, ಬಿಳಿಗಿರಿರಂಗನಾಥಸ್ವಾಮಿ ದೇವಾಲಯ ಹುಲಿ ಸಂರಕ್ಷಿತ ಪ್ರದೇಶದ ಒಂದು ಅರಣ್ಯ ವಲಯದ ಹೆಸರೂ ಆಗಿದೆ. ಇದೇ ತಾಲ್ಲೂಕಿನ ಬಯಲು ಸೀಮೆಯಲ್ಲಿ ದೊರೆಯುವ ಕರಿಕಲ್ಲು ಹೊರದೇಶಗಳಲ್ಲಿ ಕಪ್ಪು ಗ್ರಾನೈಟ್ ಎಂದು ಪ್ರಸಿದ್ಧವಾಗಿದೆ. (ಭೂವಿಜ್ಞಾನದ ಪ್ರಕಾರ ಇದು ಗ್ರಾನೈಟ್ ಅಲ್ಲ, ಡಾಲರೈಟ್ ಎಂಬ ಶಿಲೆ. ವ್ಯಾಪಾರದ ಹೆಸರೇ ರೂಢಿಯಾಗಿದೆ.) ಒಂದು ಕಡೆ ಕಾಡು, ಮತ್ತೊಂದು ಕಡೆ ಕಲ್ಲು ಇರುವ ಇಂತಹ ಜಿಲ್ಲೆಯಲ್ಲಿ ಎಲ್ಲಿ, ಎಷ್ಟು, ಯಾವಾಗ ಅಗೆಯಬೇಕು, ಬಂದ ಆದಾಯದಲ್ಲಿ ಯಾರಿಗೆ ಎಷ್ಟು ಸಲ್ಲಬೇಕು ಎಂಬ ಪ್ರಶ್ನೆಗಳನ್ನು ಲೆಕ್ಕದ ಮೂಲಕ ಪರಿಶೀಲಿಸುವ ಶಾಸ್ತ್ರವೇ ಖನಿಜ ಮತ್ತು ಇಂಧನ ಅರ್ಥಶಾಸ್ತ್ರ.

ಈ ವಿಷಯ ಎಂಜಿನಿಯರುಗಳಿಗೆ ಮಾತ್ರ ಎಂಬ ಅಭಿಪ್ರಾಯ ಸರಿಯಲ್ಲ. ಬಿ.ಕಾಂ. ಓದಿದವರು ಇದರ ಮೊದಲ ಪಾಠವನ್ನು ತಮಗೆ ಅರಿವಿಲ್ಲದೆಯೇ ಕಲಿತಿರುತ್ತಾರೆ. ಪಠ್ಯದಲ್ಲಿನ ರಾಯಲ್ಟಿ ಲೆಕ್ಕಗಳ ಅಧ್ಯಾಯ ಬಹುಮಟ್ಟಿಗೆ ಗಣಿಯದೇ ಲೆಕ್ಕ. ಕನಿಷ್ಠ ಬಾಡಿಗೆಗಿಂತ ರಾಯಲ್ಟಿ ಕಡಿಮೆಯಾದ ವರ್ಷದ ಕೊರತೆಯನ್ನು ಮುಂದಿನ ವರ್ಷಗಳಲ್ಲಿ ಸರಿದೂಗಿಸಿಕೊಳ್ಳುವ ಕ್ರಮವನ್ನು ಅಲ್ಲಿ ಕಲಿಸಲಾಗುತ್ತದೆ. ಆದರೆ ಗಣಿ ಮತ್ತು ಖನಿಜಗಳ ಅಧಿನಿಯಮ, 1957ರ ಪ್ರಕರಣ 9ಎ ಬೇರೆ ರೀತಿ ಹೇಳುತ್ತದೆ. ಗಣಿ ಗುತ್ತಿಗೆದಾರನು ಪ್ರತಿ ವರ್ಷ ಡೆಡ್ ರೆಂಟ್ ಅಥವಾ ರಾಜಧನ, ಇವೆರಡರಲ್ಲಿ ಹೆಚ್ಚಿನದನ್ನು ಪಾವತಿಸತಕ್ಕದ್ದು. ಹಿಂದಿನ ಕೊರತೆಯನ್ನು ಮುಂದಕ್ಕೆ ಒಯ್ಯಲು ಅಲ್ಲಿ ಅವಕಾಶ ಕಲ್ಪಿಸಿಲ್ಲ. ಗುತ್ತಿಗೆ ಪಡೆದು ನೆಲವನ್ನು ಸುಮ್ಮನೆ ಹಿಡಿದಿಟ್ಟುಕೊಳ್ಳುವುದಕ್ಕೂ ಬೆಲೆ ತೆರಬೇಕೆಂಬುದೇ ಇದರ ಹಿಂದಿನ ಆರ್ಥಿಕ ಉದ್ದೇಶ. ಕಟ್ಟಡದ ಕಲ್ಲಿನಂತಹ ಉಪಖನಿಜಗಳಿಗೆ ನಿಯಮ ರೂಪಿಸುವ ಅಧಿಕಾರವನ್ನು ಪ್ರಕರಣ 15 ರಾಜ್ಯಕ್ಕೆ ನೀಡಿದ್ದು, ಅದರಂತೆ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳು, 1994 ಜಾರಿಗೆ ಬಂದಿವೆ.

ಸ್ನಾತಕೋತ್ತರ ಹಂತದಲ್ಲಿ ಪ್ರಶ್ನೆ ಇನ್ನೂ ಆಳವಾಗುತ್ತದೆ. ಯಂತ್ರ ಸವೆದರೆ ಹೊಸದನ್ನು ಕೊಳ್ಳಬಹುದು. ತೆಗೆದ ಕಲ್ಲು ಮತ್ತೆ ಬೆಳೆಯುವುದಿಲ್ಲ. 1931ರಲ್ಲಿ ಹೆರಾಲ್ಡ್ ಹೊಟೆಲಿಂಗ್ ಮಂಡಿಸಿದ ಸೂತ್ರವೇ ಇಲ್ಲಿಗೆ ಆಧಾರ. ಉದಾಹರಣೆಗೆ, ಒಂದು ಘನ ಮೀಟರ್ ಕಲ್ಲಿನಲ್ಲಿ ವೆಚ್ಚ ಕಳೆದು ರೂ. 1,000 ಉಳಿಯುತ್ತದೆ, ಬಡ್ಡಿ ದರ ಶೇ. 8 ಎಂದಿಟ್ಟುಕೊಳ್ಳೋಣ. ಮುಂದಿನ ವರ್ಷ ಅದೇ ಕಲ್ಲಿನಿಂದ ರೂ. 1,080ಕ್ಕಿಂತ ಹೆಚ್ಚು ಉಳಿಯುವುದಾದರೆ ಅದು ನೆಲದಲ್ಲಿರುವುದೇ ಲೇಸು; ಇಲ್ಲವಾದಲ್ಲಿ ಇಂದೇ ತೆಗೆದು ಹಣವನ್ನು ಬಡ್ಡಿಗೆ ಇಡುವುದು ಲಾಭ. ವಾಸ್ತವದಲ್ಲಿ ಲೆಕ್ಕ ಇಷ್ಟು ಸರಳವಲ್ಲ. ಕರಿಕಲ್ಲು ಭೂಮಿಯೊಳಗೆ ಗೋಡೆಯಂತೆ ನಿಂತಿರುವ ಪಟ್ಟಿ. ಆಳಕ್ಕೆ ಹೋದಂತೆ ವೆಚ್ಚ ಏರುತ್ತದೆ, ಬಿರುಕು ಬಿಟ್ಟ ಭಾಗ ದಿಮ್ಮಿಯಾಗದೆ ತ್ಯಾಜ್ಯದ ರಾಶಿ ಸೇರುತ್ತದೆ. ಆ ರಾಶಿಯ ಹಾಗೂ ನೀರು ನಿಂತ ಹಳೆಯ ಗುಂಡಿಯ ವೆಚ್ಚ ಯಾರ ಪುಸ್ತಕದಲ್ಲಿಯೂ ನಮೂದಾಗದೆ ಗ್ರಾಮದ ಪಾಲಿಗೆ ಉಳಿಯುತ್ತದೆ. ಈ ವೆಚ್ಚವನ್ನು ಲೆಕ್ಕಕ್ಕೆ ತರುವುದೇ ಈ ವ್ಯಾಸಂಗದ ಮುಖ್ಯ ಪ್ರಯೋಜನವೆಂದು ಹೇಳಬಹುದು.

ಖನಿಜದೊಂದಿಗೆ ಇಂಧನವನ್ನು ಏಕೆ ಸೇರಿಸಲಾಗಿದೆ ಎಂಬುದಕ್ಕೆ ದೂರದ ಉದಾಹರಣೆ ಬೇಡ. ಈ ಜಿಲ್ಲೆಯ ಅಂಚಿನಲ್ಲಿರುವ ಶಿವನಸಮುದ್ರದಿಂದ 1902ರಲ್ಲಿ ಮೊದಲು ವಿದ್ಯುತ್ ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದದ್ದು 1905ರಲ್ಲಿ. ಮೂರು ಕಿಲೋಮೀಟರಿಗಿಂತ ಆಳದ ಆ ಗಣಿಗಳಲ್ಲಿ ನೀರೆತ್ತಲು, ಗಾಳಿ ಆಡಿಸಲು ಇಂಧನ ಬೇಕೇ ಬೇಕಾಗಿತ್ತು. ಉತ್ಪಾದನಾ ವೆಚ್ಚ ಚಿನ್ನದ ಬೆಲೆಯನ್ನು ಮೀರಿದ್ದರಿಂದ 2001ರಲ್ಲಿ ಗಣಿ ಮುಚ್ಚಿತು. ಆ ಬಳಿಕ ಚಿನ್ನದ ಬೆಲೆ ಹಲವು ಪಟ್ಟು ಏರಿದ್ದು, ಅಲ್ಲಿನ ಸೈನೈಡ್ ದಿಬ್ಬಗಳಲ್ಲಿ ಉಳಿದ ಚಿನ್ನ ಲಾಭದಾಯಕವೇ ಎಂಬ ಪ್ರಶ್ನೆ ಮತ್ತೆ ಎದ್ದಿದೆ.

ಬೆಲೆಯೊಂದೇ ನಿರ್ಣಾಯಕವಲ್ಲ. ರಾಷ್ಟ್ರೀಯ ಉದ್ಯಾನ ಹಾಗೂ ವನ್ಯಜೀವಿಧಾಮಗಳ ಒಳಗೆ ಮತ್ತು ಗಡಿಯಿಂದ ಒಂದು ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ ಕೂಡದೆಂದು ಸರ್ವೋಚ್ಚ ನ್ಯಾಯಾಲಯವು ಏಪ್ರಿಲ್ 2023ರಲ್ಲಿ ಆದೇಶಿಸಿದೆ. ರಾಜಧನವು ತೆರಿಗೆಯಲ್ಲ, ಖನಿಜ ಹಕ್ಕುಗಳ ಮೇಲೆ ತೆರಿಗೆ ವಿಧಿಸುವ ಅಧಿಕಾರ ರಾಜ್ಯಗಳಿಗಿದೆ ಎಂದು ಜುಲೈ 2024ರಲ್ಲಿ ತೀರ್ಪು ನೀಡಿದೆ. ಇವೆರಡರ ಆರ್ಥಿಕ ಪರಿಣಾಮವನ್ನು ತೂಗಬಲ್ಲವರು ಜಿಲ್ಲಾ ಮಟ್ಟದಲ್ಲಿ ವಿರಳ.

ಇದೇ ಹೆಸರಿನ ಸ್ನಾತಕೋತ್ತರ ಪದವಿಗೆ ಅಮೆರಿಕದ ಕೊಲೊರಾಡೊ ಸ್ಕೂಲ್ ಆಫ್ ಮೈನ್ಸ್ ಹೆಸರಾಗಿದೆ. ನಮ್ಮ ದೇಶದಲ್ಲಿ ವಿಷಯವು ಹಲವು ಕಡೆ ಹಂಚಿಹೋಗಿದೆ. ಗಣಿ ವಿಷಯಕ್ಕೆ 1926ರಲ್ಲಿ ಸ್ಥಾಪನೆಯಾದ ಧನಬಾದಿನ ಸಂಸ್ಥೆ (2016ರಿಂದ ಐ.ಐ.ಟಿ.), ಸಂಪನ್ಮೂಲ ಅರ್ಥಶಾಸ್ತ್ರಕ್ಕೆ ದೆಹಲಿಯ ಟೆರಿ ಸಂಸ್ಥೆ, ಸಂಶೋಧನೆಗೆ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಗಳನ್ನು ಪರಿಶೀಲಿಸಬಹುದಾಗಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರದ ಎಂ.ಎ. ಮಾಡಿ ಮುಂದುವರಿಯುವುದು ಕಡಿಮೆ ಖರ್ಚಿನ ದಾರಿ. ಪ್ರವೇಶದ ಅರ್ಹತೆಯನ್ನು ಆಯಾ ವರ್ಷದ ಅಧಿಸೂಚನೆಯಲ್ಲಿಯೇ ಓದಿಕೊಳ್ಳತಕ್ಕದ್ದು. ವಾಣಿಜ್ಯ ಪದವೀಧರರಿಗೆ ತೊಡಕಾಗುವುದು ಗಣಿಯಲ್ಲ, ಕಲನಶಾಸ್ತ್ರ. ಅದನ್ನು ಮತ್ತು ಸಂಖ್ಯಾಶಾಸ್ತ್ರವನ್ನು ಒಂದು ವರ್ಷ ಮೊದಲೇ ಅಭ್ಯಾಸ ಮಾಡುವುದು ಒಳಿತು.

ಸೋಲಿಗರೂ ಸೇರಿದಂತೆ ಪರಿಶಿಷ್ಟ ಪಂಗಡದ ಅಭ್ಯರ್ಥಿಗಳು ವಿದೇಶ ವ್ಯಾಸಂಗಕ್ಕಾಗಿ ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಬಹುದು. ಆಯ್ಕೆಯ ಸಂಖ್ಯೆ ಸೀಮಿತವಾಗಿರುವುದರಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಅಧಿಸೂಚನೆ ಹೊರಡುವ ಮುನ್ನವೇ ತಾಲ್ಲೂಕು ಕಚೇರಿಯಿಂದ ಪಡೆದಿಟ್ಟುಕೊಳ್ಳುವುದು.