ಗುರುವೂ ಗೂಢಚಾರನೂ

1921ರಲ್ಲಿ ಸುಮಾರು 30 ಮಂದಿ ಆಂಗ್ಲೇಯ ವೈಮಾನಿಕರ ತಂಡವೊಂದು ಜಪಾನಿನ ಕಸುಮಿಗೌರ ಎಂಬ ಊರಿಗೆ ಹೋಯಿತು. ಅಲ್ಲಿಯ ನೌಕಾದಳದವರಿಗೆ ವಿಮಾನವಿದ್ಯೆಯನ್ನು ಕಲಿಸುವುದು ಅವರ ಕೆಲಸ. ತಂಡದ ಮುಖಂಡನಾದ ವಿಲಿಯಂ ಸೆಂಪಿಲ್ ಸ್ಕಾಟ್ಲೆಂಡಿನ ಪ್ರಭು ಮನೆತನದವನು. ಮೊದಲನೆಯ ಮಹಾಯುದ್ಧದಲ್ಲಿ ವಾಯುದಳದಲ್ಲಿದ್ದವನು. ಇನ್ನೂ ಮೂವತ್ತು ತುಂಬದ ತರುಣ.

ಇದರಲ್ಲಿ ಕದ್ದುಮುಚ್ಚಿ ಮಾಡಿದ್ದೇನೂ ಇರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. 1902ರಿಂದಲೂ ಬ್ರಿಟನ್ನಿಗೂ ಜಪಾನಿಗೂ ಮೈತ್ರಿಯ ಕರಾರಿತ್ತು. ತಮ್ಮ ಕಾರ್ಖಾನೆಗಳ ವಿಮಾನಗಳು ಮಾರಾಟವಾದಾವೆಂಬ ಆಸೆಯೂ ಆಂಗ್ಲೇಯರಿಗಿತ್ತು. ವಿಮಾನದಿಂದ ಟಾರ್ಪೆಡೊ ಬಿಡುವುದು ಸುಲಭದ ವಿದ್ಯೆಯಲ್ಲ. ನೀರಿಗೆ ತೀರ ಹತ್ತಿರವಾಗಿ, ಅಲುಗಾಡದೆ, ನೇರವಾಗಿ ಹಾರುತ್ತ ಬಿಡಬೇಕು. ಎತ್ತರದಿಂದ ಬಿಟ್ಟರೆ ಅದು ಮುರಿದೀತು, ಇಲ್ಲವೆ ಆಳಕ್ಕಿಳಿದೀತು. ಇಂಥದನ್ನು ಪುಸ್ತಕದಿಂದ ಕಲಿಯಲಾಗದು, ಗುರುವೇ ಬೇಕು. ಜಪಾನಿನ ವಿಮಾನವಾಹಕ ಹಡಗು ‘ಹೋಶೊ’ 1922ರ ಕೊನೆಯಲ್ಲಿ ಸಿದ್ಧವಾದಾಗ ಅದರ ಮೇಲೆ ಮೊದಲು ಇಳಿದವನೂ ಒಬ್ಬ ಆಂಗ್ಲೇಯನೇ.

1923ರಲ್ಲಿ ಮೈತ್ರಿ ಮುಗಿಯಿತು. ನಿನ್ನೆಯವರೆಗೆ ಪಾಠವಾಗಿದ್ದುದು ಇಂದಿನಿಂದ ದ್ರೋಹವಾಯಿತು. ಸೆಂಪಿಲ್ ಊರಿಗೆ ಮರಳಿದನಾದರೂ ಪಾಠ ನಿಲ್ಲಿಸಲಿಲ್ಲ. ಲಂಡನ್ನಿನಲ್ಲಿದ್ದ ಜಪಾನಿನ ನೌಕಾಧಿಕಾರಿ ಟೊಯೊಡಾನಿಗೆ ಹೊಸ ವಿಮಾನಗಳ ಸಮಾಚಾರ ಒದಗಿಸುತ್ತಲೇ ಇದ್ದ. ಬ್ಲ್ಯಾಕ್‌ಬರ್ನ್ ಕಾರ್ಖಾನೆಯಲ್ಲಿ ಗುಟ್ಟಾಗಿ ಸಿದ್ಧವಾಗುತ್ತಿದ್ದ ‘ಐರಿಸ್’ ಎಂಬ ಕಡಲವಿಮಾನದ ವಿವರವನ್ನೂ ದಾಟಿಸಿದ. ಗುಪ್ತಚಾರ ಇಲಾಖೆಯವರು ಅವನ ಕಾಗದಗಳನ್ನು ಒಡೆದು ಓದಿದರು, ಟೆಲಿಫೋನಿಗೆ ಕಿವಿಗೊಟ್ಟರು, 1926ರಲ್ಲಿ ಕರೆಸಿ ವಿಚಾರಿಸಿದರು. ಮೊಕದ್ದಮೆ ಮಾತ್ರ ಹೂಡಲಿಲ್ಲ!

ಏಕೆ? ಜಪಾನಿನ ಸಂಕೇತಲಿಪಿಯ ತಂತಿಗಳನ್ನು ಆಂಗ್ಲೇಯರು ಬಿಡಿಸಿ ಓದುತ್ತಿದ್ದರು. ನ್ಯಾಯಾಲಯದಲ್ಲಿ ಸಾಕ್ಷ್ಯ ಹೇಳಹೊರಟರೆ ಆ ಗುಟ್ಟು ರಟ್ಟಾಗುತ್ತಿತ್ತು. ಈ ಕಾರಣ ನಿಜವೇ. ಆದರೆ ಅದೊಂದೇ ಎಂದು ನನಗೆ ತೋರುವುದಿಲ್ಲ. ಅವನ ತಂದೆ ದೊರೆಯ ಅಂಗರಕ್ಷಕಾಧಿಕಾರಿಯಾಗಿದ್ದವನು. ವಿಚಾರಣೆಯಾದ ಮರುವರ್ಷವೇ ಸೆಂಪಿಲ್ ರಾಯಲ್ ಏರೊನಾಟಿಕಲ್ ಸೊಸೈಟಿಯ ಅಧ್ಯಕ್ಷನಾದ. 1934ರಲ್ಲಿ ತಂದೆಯ ಪದವಿ ಬಂದು ಲಾರ್ಡ್ ಸೆಂಪಿಲ್ ಎನಿಸಿದ. 1939ರಲ್ಲಿ ಯುದ್ಧ ಹತ್ತಿದಾಗ ನೌಕಾ ಇಲಾಖೆಯಲ್ಲೇ ಅವನಿಗೆ ಮತ್ತೆ ಕೆಲಸ ಸಿಕ್ಕಿತು! 1941ರಲ್ಲಿ ಮತ್ತೆ ಸಂಶಯ ಬಂದು, ಪ್ರಧಾನಿ ಚರ್ಚಿಲ್ಲರೇ ಅವನನ್ನು ತೆಗೆಯಿರೆಂದ ಮೇಲೆ ಹುದ್ದೆ ಬಿಟ್ಟ. ಸೆರೆಮನೆ ಕಾಣಲಿಲ್ಲ.

ಆ ವರ್ಷದ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಉರಿಯಿತು. 10ರಂದು ಬ್ರಿಟನ್ನಿನ ‘ಪ್ರಿನ್ಸ್ ಆಫ್ ವೇಲ್ಸ್’, ‘ರಿಪಲ್ಸ್’ ಎಂಬ ಮಹಾನೌಕೆಗಳು ಮಲಯದ ಕಡಲಿನಲ್ಲಿ ಜಪಾನೀ ವಿಮಾನಗಳ ಟಾರ್ಪೆಡೊಗಳಿಗೆ ಸಿಕ್ಕಿ ಮುಳುಗಿದವು. ಇದೆಲ್ಲ ಸೆಂಪಿಲ್ಲನ ಕೈವಾಡವೆಂದರೆ ಅತಿಯಾದೀತು. ಆ ವಿದ್ಯೆಯನ್ನು ಇಪ್ಪತ್ತು ವರ್ಷ ಬೆಳೆಸಿದವರು ಜಪಾನೀಯರೇ. ಅಕ್ಷರಾಭ್ಯಾಸ ಮಾತ್ರ ಅವನ ತಂಡದ್ದು.

ಇನ್ನೊಬ್ಬನ ಮಾತು ಹೇಳದಿದ್ದರೆ ಈ ಕಥೆ ಅರ್ಧವಾದೀತು. ಫ್ರೆಡರಿಕ್ ರಟ್‌ಲೆಂಡ್ ದಿನಗೂಲಿಯವನ ಮಗ. ಹುಡುಗನಾಗಿ ನೌಕಾದಳ ಸೇರಿ, ಕೆಳಗಿನಿಂದ ಒಂದೊಂದೇ ಮೆಟ್ಟಿಲು ಹತ್ತಿ ಅಧಿಕಾರಿಯಾದವನು. 1916ರ ಜಟ್‌ಲೆಂಡ್ ಕದನದಲ್ಲಿ ವಿಮಾನದಿಂದ ಶತ್ರುನೌಕೆಗಳನ್ನು ಪತ್ತೆಮಾಡಿ ಹೆಸರಾಂತವನು. ಇವನೂ ಮುಂದೆ ಜಪಾನಿನ ಗೂಢಚಾರನಾದ, ತಪ್ಪು ಅದೇ. 1941ರ ಡಿಸೆಂಬರಿನಲ್ಲಿ ಇವನನ್ನು ವಿಚಾರಣೆಯಿಲ್ಲದೆ ಬಂಧಿಸಿಟ್ಟರು. 1949ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಸೆಂಪಿಲ್ 1965ರಲ್ಲಿ ಲಾರ್ಡ್ ಆಗಿಯೇ ತೀರಿಕೊಂಡ. ಅವನ ಮೇಲಿನ ಗುಪ್ತ ಕಡತಗಳು ಸಾರ್ವಜನಿಕರ ಕಣ್ಣಿಗೆ ಬೀಳಲು ಮತ್ತೂ ಮೂವತ್ತು ವರ್ಷಗಳ ಮೇಲಾಯಿತು.